ಜೀಪಿನ ಎರಡನೇ ಬ್ಯಾಟರಿ

ಗ್ಯಾರೇಜಿನಲ್ಲಿ ಬ್ಯಾಟರಿ ಆಸಿಡ್ಡಿನ ವಾಸನೆ ಬಡಿದರೆ ಇಂದಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಬೇಟೆಯ ದೊಡ್ಡ ಲೈಟಿಗೆಂದು ಅಪ್ಪ ನಮ್ಮ ಹಳೆಯ ಜೀಪಿನ ಸೀಟಿನಡಿ ಇನ್ನೊಂದು ಬ್ಯಾಟರಿ ಕೂರಿಸುತ್ತಿದ್ದರು. ಚಿಕ್ಕಪ್ಪ ವೈರಿನ ತುದಿಗಳಿಗೆ ಗ್ರೀಸು ಸವರುತ್ತಿದ್ದರು.

"ಲೈಟು ಹಾಕಿ ಹೊಡೆಯೋದು ಬೇಟೆ ಅಲ್ಲ ಕಣೋ," ಎಂದರು ಅಜ್ಜಿ. "ಪ್ರಾಣಿ ಕಣ್ಣು ಕಾಣ್ತದೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಕಾಣ್ತದಾ?"

ಅಪ್ಪ ನಕ್ಕರು. "ಲೈಟಿಗೊಂದು, ಇಂಜಿನ್ನಿಗೊಂದು ಅವ್ವಾ. ಇನ್ನು ಕಾಡಲ್ಲಿ ಜೀಪು ಕೈಕೊಡಲ್ಲ. ಬೆಳಗ್ಗೆ ಇಬ್ಬರೂ ಮನೇಲಿರ್ತೀವಿ."

ಜೀಪು ಕೈಕೊಡಲಿಲ್ಲ. ಬೆಳಗ್ಗೆ ಅಪ್ಪ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದರು, ಇಳಿಯಲಿಲ್ಲ. ಹಿಂದೆ ಚಿಕ್ಕಪ್ಪ ಕಂಬಳಿಯಡಿ ಮಲಗಿದ್ದರು.

ನಮ್ಮಲ್ಲಿ ಸಾವನ್ನು ಊರಿಗೆ ತಿಳಿಸಲು ಮನೆಯವರೇ ಎರಡು ಗುಂಡು ಹಾರಿಸುತ್ತಾರೆ. ಅಜ್ಜಿ ಅಪ್ಪನ ಕೈಯಿಂದ ಕೋವಿ ಕಿತ್ತುಕೊಂಡು ಪಕ್ಕದ ಮನೆಯವರಿಗೆ ಕೊಟ್ಟರು.