ಚಪ್ಪಾಳೆಯ ಜಾಗ

"ಅಂಕಲ್, ನಿಲ್ಸಿ ನಿಲ್ಸಿ. ಎರಡನೇ ಭಾಗದಲ್ಲಿ ತಾಳ ತಪ್ತಿದೆ," ಎಂದಳು ಬಿಂದು.

ಫಿಂಟನ್ ಕಮಾನನ್ನು ತಂತಿಯಿಂದ ಎತ್ತಿದ. ಮೈಸೂರಿನ ವಿಜಯನಗರದ ಬಿಂದುವಿನ ಪಿಟೀಲು ಶಾಲೆಯಲ್ಲಿ ಆ ಭಾನುವಾರ ಬೆಳಿಗ್ಗೆ ಹನ್ನೆರಡು ಜನ ಚಾಪೆಯ ಮೇಲೆ ಕೂತು, ಫೋನಿನಲ್ಲಿ ಕೇಳಿ ಕಲಿತ ಐರ್ಲೆಂಡಿನ ಕುಣಿತದ ಮಟ್ಟೊಂದನ್ನು ನುಡಿಸುತ್ತಿದ್ದರು. ಕುರ್ಚಿಯ ಮೇಲಿದ್ದವನು ಆ ದಿನವಷ್ಟೇ ಬಂದು ಸೇರಿದ್ದ ಅರವತ್ತೆಂಟರ ಫಿಂಟನ್ ಒಬ್ಬನೇ. ಐರ್ಲೆಂಡಿನವನಿಗೇ ಐರ್ಲೆಂಡಿನ ಮಟ್ಟು ತಿದ್ದುವ ಧೈರ್ಯ ಮೈಸೂರಿನ ಪಿಟೀಲು ಮೇಡಂಗಳಿಗೆ ಮಾತ್ರ ಇರುತ್ತದೆ. ತಾಳ ತಪ್ಪಿದರೆ ಅವರು ಮಹಾರಾಜರನ್ನೂ ಬಿಡುವವರಲ್ಲ. ಗೋಡೆಗೊರಗಿ ಕೂತಿದ್ದ ಫಿಂಟನ್‌ನ ಭಾವಮೈದುನ ಮರಿಸ್ವಾಮಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

ಏರದೆ ಇನ್ನೇನು? ಆ ಮಟ್ಟನ್ನು ಕಟ್ಟಿದವನೇ ಫಿಂಟನ್. ಮೂವತ್ತು ವರ್ಷದ ಹಿಂದೆ, ಐರ್ಲೆಂಡಿನ ಅವನ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮರಿಸ್ವಾಮಿಯ ಅಕ್ಕ ಕುಸುಮಳನ್ನು ಮದುವೆಯಾದಾಗ ಅವಳಿಗೆಂದೇ ಕಟ್ಟಿ, ಅವಳ ಹೆಸರನ್ನೇ ಇಟ್ಟಿದ್ದ. ಫಿಂಟನ್ ಹೆಸರಾಂತ ವಾದಕನೇನಲ್ಲ. ಊರಿನ ಬಾರಿನ ಮೂಲೆಯಲ್ಲಿ ನಾಲ್ಕು ಜನರ ಜೊತೆ ನುಡಿಸಿದವನು, ಅವನದೊಂದು ಕ್ಯಾಸೆಟ್ಟೂ ಬರಲಿಲ್ಲ. ಮಟ್ಟನ್ನು ಯಾರೋ ಕೇಳಿ ಕಲಿತರು, ಅವರಿಂದ ಇನ್ಯಾರೋ ಕಲಿತರು. ಅದು ದೇಶದೇಶ ಸುತ್ತಿತು, ಕುಸುಮಳ ಹೆಸರು ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಯಿತು. ಗಂಡ ಹೆಂಡತಿ ಮೈಸೂರಿಗೆ ಬಂದು ನೆಲೆಸಿದ ಮೇಲೆ ಕುಸುಮಳೂ ತೀರಿಹೋದಳು. ಕೃಷ್ಣಮೂರ್ತಿಪುರಂನಲ್ಲಿ ಮರಿಸ್ವಾಮಿಯ ಮಹಡಿ ಮನೆಯಲ್ಲಿ ಒಂಟಿಯಾಗಿ ಉಳಿದ ಫಿಂಟನ್ ಎರಡು ವರ್ಷದಿಂದ ಪಿಟೀಲು ಮುಟ್ಟಿರಲಿಲ್ಲ. ನಾಲ್ಕು ಜನರ ಜೊತೆ ಸೇರಲಿ ಎಂದು ಮರಿಸ್ವಾಮಿಯೇ ಹಟ ಹಿಡಿದು ಸ್ಕೂಟರಿನಲ್ಲಿ ಕರೆತಂದಿದ್ದ. ಗೇಟಿನ ಬಳಿಯೇ ಆ ಮಟ್ಟು ಕಿವಿಗೆ ಬಿದ್ದಾಗ, "ಭಾವ, ನಮ್ಮಕ್ಕನ ಹಾಡು!" ಎಂದು ಅವನ ತೋಳು ಹಿಡಿದುಕೊಂಡಿದ್ದ.

ಬಿಂದು ತೊಡೆಯ ಮೇಲೆ ತಾಳ ಹಾಕಿ ತೋರಿಸಿದಳು. "ಇಲ್ನೋಡಿ ಅಂಕಲ್, ಈ ಜಾಗದಲ್ಲಿ ಸುಮ್ನೆ ಒಂದು ಎಣಿಕೆ ಖಾಲಿ ಬಿಟ್ಬಿಡ್ತೀರಿ. ಯಾರೂ ಹಂಗೆ ನುಡಿಸಲ್ಲ."

"ಅಭ್ಯಾಸ ಬುಟ್ಟೋಗದೆ ಕಣಮ್ಮ," ಎಂದ ಫಿಂಟನ್. ಅವನ ಕನ್ನಡವೆಲ್ಲ ಕುಸುಮ ಕಲಿಸಿದ್ದು.

ಮರಿಸ್ವಾಮಿ ಎದ್ದೇಬಿಟ್ಟ. "ಅದು ಖಾಲಿ ಅಲ್ಲಮ್ಮ! ನಮ್ಮಕ್ಕನಿಗೆ ಹಾಡೋಕೂ ಬರ್ತಿರ್ಲಿಲ್ಲ, ನುಡಿಸೋಕೂ ಬರ್ತಿರ್ಲಿಲ್ಲ. ನಂಗೇನೂ ಇಲ್ವಾ ಇದ್ರಲ್ಲಿ ಅಂತ ಕೇಳಿದ್ಲು. ಅದಕ್ಕೆ ಇವ್ರು ಅಲ್ಲಿ ಜಾಗ ಬುಟ್ರು. ಅಲ್ಲಿ ಅವಳು ಒಂದು ಚಪ್ಪಾಳೆ ತಟ್ಬೇಕು. ಕೈಲಿ ಸೌಟಿದ್ರೂ ಕೆಳಗಿಟ್ಟು ಓಡಿ ಬರೋಳು. ಈ ಹಾಡು ಮಾಡ್ದೋರೇ ಇವ್ರು, ಇವ್ರಿಗೇ ಪಾಠ ಹೇಳ್ತಿದ್ದೀಯಲ್ಲ!"

ಬಿಂದು ಪೆಚ್ಚಾದಳು. ಫೋನು ತೆಗೆದು ನೋಡಿದಳು. "ಇದ್ರಲ್ಲಿ ಹಳೇ ಜಾನಪದ, ಕಟ್ಟಿದೋರು ಯಾರು ಅಂತ ಗೊತ್ತಿಲ್ಲ ಅಂತಿದೆ ಸಾರ್..." ಆಮೇಲೆ ಫಿಂಟನ್‌ನ ಹತ್ತಿರ ಬಂದು ಕೂತಳು. "ನಿಮ್ದೇನಾ ಅಂಕಲ್? ಹೌದು ಅಂತ ಒಂದು ಮಾತು ಹೇಳಿ. ಇವತ್ತಿಂದ ಎಲ್ರಿಗೂ ನೀವು ನುಡಿಸೋ ಹಾಗೇ ಕಲಿಸ್ತೀನಿ. ಕುಸುಮ ಅಂತ ಹೆಸರು ಹೇಳಿಯೇ ನುಡಿಸ್ತೀವಿ."

ಅಕ್ಕನ ಹೆಸರು ಅಕ್ಕನ ಊರಿನಲ್ಲೇ ಅವಳ ಹಾಡಿಗೆ ಮರಳಿ ಸೇರುವ ಗಳಿಗೆ ಇದು ಎಂದು ಮರಿಸ್ವಾಮಿ ಭಾವನ ಮುಖವನ್ನೇ ನೋಡಿದ. ಫಿಂಟನ್ ಚಾಪೆಯ ಮೇಲಿದ್ದ ಹನ್ನೆರಡು ಮುಖಗಳನ್ನೂ ಒಂದೊಂದಾಗಿ ನೋಡಿದ.

"ಇಲ್ಲಮ್ಮ," ಎಂದ. "ನಮ್ ಮರಿಗೆ ಅಕ್ಕ ಅಂದ್ರೆ ಪ್ರಾಣ, ಅದಕ್ಕೆ ಅಂಗಂತಾನೆ. ಇದು ಬೋ ಹಳೇದು. ನೀವು ನುಡಿಸೋದೇ ಸರಿ."

ಆಮೇಲೆ ಅವರ ಜೊತೆ ಅವರಂತೆಯೇ, ಎಲ್ಲೂ ನಿಲ್ಲದೆ, ಮಟ್ಟನ್ನು ಮೂರು ಸಲ ನುಡಿಸಿದ. "ಈಗ ಸರಿಹೋಯ್ತು ನೋಡಿ!" ಎಂದು ಬಿಂದು ಖುಷಿಪಟ್ಟಳು.

ಹೊರಗೆ ಬಂದ ಮೇಲೂ ಮರಿಸ್ವಾಮಿ ಸ್ಕೂಟರ್ ಸ್ಟಾರ್ಟ್ ಮಾಡಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. "ಅಷ್ಟು ಜನರ ಮುಂದೆ ನಾನು ಸುಳ್ಳುಗಾರ ಆದೆ. ಅದು ಹಾಳಾಗೋಗ್ಲಿ ಬುಡಿ ಭಾವ. ಅಕ್ಕನ ಹೆಸರು ಹೇಳ್ತೀವಿ ಅಂತ ಅವ್ರೇ ಅಂದ್ರಲ್ಲ, ಹೂಂ ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

ಫಿಂಟನ್ ಪಿಟೀಲಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತ.

"ನಾನೊಬ್ನೇ ಅಲ್ಲಿ ನಿಲ್ಸಿದ್ರೆ ಎಂಗೋ ತಡ್ಕೋತೀನಿ ಕಣೋ ಮರಿ. ಹನ್ನೆರಡು ಜನ ಒಟ್ಟಿಗೆ ನಿಲ್ಸಿ ಕಾದ್ರೂ ಅವಳ ಚಪ್ಪಾಳೆ ಬರ್ಲಿಲ್ಲ ಅಂದ್ರೆ?"