ಮಾಳಪ್ಪನ ಕಂಬಳಿಯ ಕಿಡಿ

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದು, ನೆಲ ಸಾರಿಸಬಾರದು. ಗಾಳಿಗೆ ಪಸೆ ತಾಗಿತೆಂದರೆ ಸತ್ತವರು ಹೊದ್ದ ಕಂಬಳಿಯಲ್ಲಿ ಉಳಿದ ಕಿಡಿ ಸದ್ದಿಲ್ಲದೆ ಸೋರಿಹೋಗುತ್ತದೆ. ಮೊದಲು ಮುಟ್ಟಿದವರಿಗಷ್ಟೇ ಅದು ಚಟ್ಟನೆ ತಾಗುತ್ತದೆ. ಸತ್ತವರೇ ಒಮ್ಮೆ ಕೈ ಹಿಡಿದ ಹಾಗಾಗುತ್ತದೆ. ಹಾಗೆ ತಾಗಿದ ಬೆರಳ ತುದಿ ವರ್ಷವಿಡೀ ನೀಲಿಯಾಗಿರುವುದರಿಂದ ಕದ್ದು ಮುಟ್ಟುವಂತಿಲ್ಲ.

ಮೊದಲ ಕೈ ಹೆತ್ತವಳದು ಎಂಬುದು ಪದ್ಧತಿ. ತೀರಿಕೊಂಡ ಮಾಳಪ್ಪನ ಜೊತೆ ಹನ್ನೆರಡು ವರ್ಷ ಬಾಳಿದ ಹೆಂಡತಿ ಕೆಂಚವ್ವನಿಗೆ ಏನೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಬೀರವ್ವ ನೆಂಟರನ್ನು ಕರೆಯಲು ಹೋದಾಗ, ಕೆಂಚವ್ವ ಬಾಗಿಲು ಮುಚ್ಚಿ, ಕಂಬಳಿಯ ಪಕ್ಕದಲ್ಲೇ ಸ್ಟೋವ್ ಹಚ್ಚಿ ಕೊಡ ನೀರು ಕುದಿಸಿದಳು. ಗೋಡೆಗಳೆಲ್ಲ ಬೆವೆತವು. ನನಗಿಲ್ಲದ್ದು ಆಕೆಗೂ ಬೇಡ ಎಂದುಕೊಂಡು, ಆಮೇಲೆ ಗೋಡೆಯನ್ನು ಸೆರಗಿನಿಂದ ಒರೆಸಿದಳು.

ಮಧ್ಯಾಹ್ನ ನೆಂಟರ ನಡುವೆ ಬೀರವ್ವ ಕಂಬಳಿಯ ಮುಂದೆ ಕೂತು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಒಂಬತ್ತು ತಿಂಗಳು ಹೊಟ್ಟ್ಯಾಗ ಇಟ್ಕೊಂಡಿದ್ದೆ, ನನಗ ಅಷ್ಟು ಸಾಕು. ನೀ ಮುಟ್ಟವಾ, ಕೆಂಚವ್ವ."

"ಪದ್ಧತಿ ಬಿಟ್ರ ಹ್ಯಾಂಗ ಯಕ್ಕಾ?" ಎಂದಳು ಬೀರವ್ವನ ತಂಗಿ.

"ಪದ್ಧತಿ ಏನು ಅವನ ಜೋಡಿ ಬಾಳೇವು ಮಾಡಿತ್ತೇನು? ಸುಮ್ನಿರು."

ಕೆಂಚವ್ವ ಕೈ ಚಾಚಿದಳು. ಉಣ್ಣೆ ತಣ್ಣಗೆ, ಮೆತ್ತಗಿತ್ತು.

"ಬಂದನೇನವಾ?"

"ಬಂದ ಅತ್ತಿ," ಎಂದು ಕೆಂಚವ್ವ ನೀಲಿಯಾಗದ ಬೆರಳನ್ನು ಒದ್ದೆ ಸೆರಗಿನೊಳಗೆ ಮುಚ್ಚಿಕೊಂಡಳು.