ಒಂದೇ ಹಾಳೆಯ ಅರ್ಜಿ

ಹೋದ ವರ್ಷ ವಿದ್ಯಾರ್ಥಿವೇತನದ ಅರ್ಜಿ ಇಪ್ಪತ್ತೆರಡು ಪುಟ ಇತ್ತು. ಅದಕ್ಕೆ ಸಹಿ, ಮೊಹರು ಹಾಕಿಸಲು ಹುಲಿಗೆಮ್ಮ ಎಂಟು ದಿನ ತರಗತಿ ತಪ್ಪಿಸಿಕೊಂಡು ಕಚೇರಿಗಳಿಗೆ ಅಲೆದಿದ್ದಳು. ಕೊನೆಗೆ ಅಪ್ಪನ ಇನಿಷಿಯಲ್ ತಪ್ಪಾಗಿದೆಯೆಂದು ಅರ್ಜಿ ತಿರಸ್ಕೃತವಾಗಿತ್ತು. ಅವ್ವ ಬೆಂಡೋಲೆ ಮಾರಿ ಫೀಸು ಕಟ್ಟಿದ್ದಳು. ಈ ಸಲ ಮಾರಲು ಏನೂ ಉಳಿದಿರಲಿಲ್ಲ.

ಕಾಲೇಜಿನ ಗುಮಾಸ್ತರು ನುಣುಪಾದ ಒಂದೇ ಒಂದು ಹಾಳೆಯನ್ನು ಅವಳ ಮುಂದಿಟ್ಟರು.

"ತಗೋ ತಂಗಿ, ಬರೀ ನಾಲ್ಕು ಪ್ರಶ್ನೆ. ಬಡವರ ಮಕ್ಕಳಿಗೆ ತ್ರಾಸ ಆಗಬಾರದಂತ ಬೆಂಗಳೂರಾಗ ದೊಡ್ಡ ದೊಡ್ಡ ತಜ್ಞರು ವರ್ಷಗಟ್ಟಲೆ ಕುಂತು ಮಾಡ್ಯಾರ."

ಹುಲಿಗೆಮ್ಮ ನಿಂತಲ್ಲೇ ಐದು ನಿಮಿಷದಲ್ಲಿ ತುಂಬಿಕೊಟ್ಟಳು. ಗುಮಾಸ್ತರು ಕನ್ನಡಕ ಏರಿಸಿ ಎರಡೆರಡು ಸಲ ಓದಿದರು. ಒಂದು ತಪ್ಪೂ ಸಿಗಲಿಲ್ಲ. ಅವಳಿಗೆ ಸಂತೋಷ ತಡೆಯಲಾಗಲಿಲ್ಲ.

"ಇಷ್ಟ ಸುಲಭ ಐತೇನ್ರೀ ಸರ! ಹಂಗಾರ ರೊಕ್ಕ ಯಾವಾಗ ಬರ್ತೈತ್ರಿ?"

"ರೊಕ್ಕ ಎಲ್ಲಿಂದ ಬರಬೇಕವ್ವಾ?" ಎಂದರು ಗುಮಾಸ್ತರು, ಅರ್ಜಿಯ ಮೇಲೆ ಠಪ್ಪನೆ ಮೊಹರು ಒತ್ತುತ್ತ. "ಈ ವರ್ಷದ ಸ್ಕಾಲರ್‌ಶಿಪ್ ರೊಕ್ಕ ಎಲ್ಲಾ ಆ ತಜ್ಞರ ಫೀಸಿಗೇ ಹೋತು."